ಆಧಾರ್ ಲಾಕ್, ಬಯೋಮೆಟ್ರಿಕ್ ಲಾಕ್: ಎರಡೂ ಒಂದೇನಾ?

ಮೈಆಧಾರ್ ಪೋರ್ಟಲ್‌ನಲ್ಲಿ ಎರಡು ಲಾಕ್ ಇವೆ. ಒಂದು ಆಧಾರ್ ಲಾಕ್, ಇನ್ನೊಂದು ಬಯೋಮೆಟ್ರಿಕ್ ಲಾಕ್. ಹೆಸರು ಕೇಳಿದ್ರೆ ಒಂದೇ ಅನ್ಸುತ್ತೆ. ಆದರೆ ಕೆಲಸ ಬೇರೆ. ಅದನ್ನ ಇವತ್ತು ಬಿಡಿಸಿ ಹೇಳ್ತೀನಿ.

ಮೊದಲು ಇನ್ನೆರಡು ಪದ ನೋಡೋಣ. ಅಥೆಂಟಿಕೇಶನ್, ಅಂದ್ರೆ ದೃಢೀಕರಣ. ಇದು ಕೇಳೋದು ‘ನೀವು ಯಾರು?’ ಅಂತ. ಆಥರೈಸೇಶನ್, ಅಂದ್ರೆ ಅನುಮತಿ. ಇದು ಕೇಳೋದು ‘ಈ ಕೆಲಸಕ್ಕೆ ನಿಮ್ಮ ಒಪ್ಪಿಗೆ ಇದೆಯಾ, ಹಕ್ಕು ಇದೆಯಾ?’ ಅಂತ. ಯುಪಿಐನಲ್ಲಿ ಆ್ಯಪ್ ತೆರೆಯೋದು ಒಂದು ಹೆಜ್ಜೆ, ಹಣ ಕಳಿಸೋಕೆ ಪಿನ್ ಒತ್ತೋದು ಇನ್ನೊಂದು ಹೆಜ್ಜೆ.

ಹಳಿಯಾಳ ತಾಲ್ಲೂಕಿನ ಸಾಂಬ್ರಾಣಿಯಂಥ ಊರಲ್ಲಿ ಅಜ್ಜಿಯೊಬ್ಬರು ಪಿಂಚಣಿ ಹಣ ತಗೋಬೇಕು ಅಂದುಕೊಳ್ಳಿ. ಬ್ಯಾಂಕ್ ಮಿತ್ರರ ಹತ್ತಿರ ಆಧಾರ್ ನಂಬರ್, ಬ್ಯಾಂಕ್ ಹೆಸರು ಹೇಳಿ ಹೆಬ್ಬೆಟ್ಟು ಒತ್ತಿದರೆ ಸಾಕು, ಹಣ ಕೈಗೆ ಬರುತ್ತೆ. ಇದಕ್ಕೆ ಎಇಪಿಎಸ್ ಅಂತಾರೆ. ಪಿನ್ ಬೇಡ, ಒಟಿಪಿ ಬೇಡ. ಪಟ್ಟಣಕ್ಕೆ ಓಡಾಡೋದು ತಪ್ಪುತ್ತೆ, ನಿಜವಾಗಲೂ ಅನುಕೂಲ. ಆದರೆ ಗಮನಿಸಿ: ಒಂದೇ ಬೆರಳಚ್ಚು ‘ಯಾರು?’ ಅನ್ನೋದಕ್ಕೂ ‘ಒಪ್ಪಿಗೆನಾ?’ ಅನ್ನೋದಕ್ಕೂ ಉತ್ತರ ಕೊಟ್ಟುಬಿಡ್ತು.

ಇದರ ಅಪಾಯ 2023ರಲ್ಲಿ ಕರ್ನಾಟಕದಲ್ಲೇ ಕಾಣಿಸ್ತು. ಆಸ್ತಿ ನೋಂದಣಿ ಮಾಡಿಸಿದ್ದ ಹಲವರ ಖಾತೆಯಿಂದ ಅವರಿಗೆ ಗೊತ್ತಿಲ್ಲದೆ ಹಣ ಹೋಯ್ತು. ನೋಂದಣಿ ಪತ್ರಗಳಲ್ಲಿದ್ದ ಬೆರಳಚ್ಚನ್ನೂ ಆಧಾರ್ ನಂಬರನ್ನೂ ವಂಚಕರು ನಕಲು ಮಾಡಿದ್ದರು ಅನ್ನೋದು ಪೊಲೀಸ್ ತನಿಖೆಯಲ್ಲಿ ಹೊರಬಂತು. ಪಾಸ್‌ವರ್ಡ್ ಕದ್ದರೆ ಬದಲಾಯಿಸಬಹುದು. ಬೆರಳು ಬದಲಾಯಿಸೋಕಾಗುತ್ತಾ?

ಈಗ ಲಾಕ್‌ಗಳ ವಿಷಯಕ್ಕೆ ಬರೋಣ.

ಬಯೋಮೆಟ್ರಿಕ್ ಲಾಕ್ ಹಾಕಿದ್ರೆ ಬೆರಳಚ್ಚು, ಕಣ್ಣಿನ ಪಾಪೆ, ಮುಖ ಯಾವುದೂ ದೃಢೀಕರಣಕ್ಕೆ ನಡೆಯಲ್ಲ. ಆದರೆ ಆಧಾರ್ ನಂಬರ್ ಕೊಟ್ಟು ಒಟಿಪಿ ಮೂಲಕ ಮಾಡೋ ಕೆಲಸ ನಡೆಯುತ್ತೆ.

ಆಧಾರ್ ಲಾಕ್ ಹಾಕಿದ್ರೆ 12 ಅಂಕಿಯ ನಂಬರೇ ನಡೆಯಲ್ಲ. ಆ ನಂಬರ್ ಜೊತೆ ಬೆರಳು ಒತ್ತಿದ್ರೂ ಇಲ್ಲ, ಒಟಿಪಿ ಕೊಟ್ಟರೂ ಇಲ್ಲ. ಬದಲಿಗೆ 16 ಅಂಕಿಯ ವರ್ಚುವಲ್ ಐಡಿ ಬಳಸಬೇಕು. ಲಾಕ್ ತೆಗೆಯೋಕೂ ಅದೇ ಬೇಕು, ಹಾಗಾಗಿ ಅದನ್ನ ಜೋಪಾನವಾಗಿ ಬರೆದಿಟ್ಟುಕೊಳ್ಳಿ.

ನನ್ನ ಸಲಹೆ ಇಷ್ಟೇ. ನಿಮಗೆ ಬೆರಳಚ್ಚಿನ ಕೆಲಸ ಅಪರೂಪ ಅಂದ್ರೆ ಬಯೋಮೆಟ್ರಿಕ್ ಲಾಕ್ ಹಾಕಿಡಿ, ಬೇಕಾದಾಗ ಸ್ವಲ್ಪ ಹೊತ್ತು ತೆಗೆಯಿರಿ. ಆದರೆ ಅಜ್ಜಿಯ ಆಧಾರ್‌ಗೆ ಅವರನ್ನ ಕೇಳದೆ ಹಾಕಬೇಡಿ. ಲಾಕ್ ಇದ್ದರೆ ರೇಷನ್ ಅಂಗಡಿಯಲ್ಲೂ ಹೆಬ್ಬೆಟ್ಟು ನಡೆಯಲ್ಲ. ತೆಗೆಯೋಕೆ ಒಟಿಪಿ ಬೇಕು. ಅದು ಬರೋ ಫೋನ್ ಯಾರ ಕೈಲಿದೆ ಅಂತ ಮೊದಲು ನೋಡಿ.

ಹಣ ಹೋಗಿದೆ ಅಂತ ಗೊತ್ತಾದ ತಕ್ಷಣ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ. ಮತ್ತೆ ಸಿಗೋಣ.