ಸುಳ್ಳು ಪಿಸ್ತೂಲು, ನಿಜವಾದ ಹೊಣೆ

ಗ್ರೀಕ್ ತತ್ತ್ವಜ್ಞಾನಿ ಅರಿಸ್ಟಾಟಲನು ತನ್ನ ಕಾವ್ಯಮೀಮಾಂಸೆಯಲ್ಲಿ ದುರಂತ ನಾಟಕದ ಆರು ಅಂಗಗಳನ್ನು ಹೆಸರಿಸಿ, ಕಣ್ಣಿಗೆ ಕಾಣುವ ದೃಶ್ಯವೈಭವಕ್ಕೆ ಅವುಗಳಲ್ಲಿ ತೀರಾ ಕೆಳಗಿನ ಸ್ಥಾನವನ್ನು ಕೊಟ್ಟನು. ಅದು ಕವಿಯ ಕಲೆಗಿಂತ ಹೆಚ್ಚಾಗಿ ವೇಷಭೂಷಣ ಸಿದ್ಧಪಡಿಸುವವನ ಕಲೆಗೆ ಸೇರಿದ್ದೆಂಬುದು ಆತನ ಅಭಿಮತ. ಹಾಗಾದರೆ ತೆರೆಯ ಹಿಂದೆ ನಿಂತು ಟೊಪ್ಪಿಗೆ, ಕಂದೀಲು, ಕಾಗದಪತ್ರಗಳನ್ನು ಒದಗಿಸುವವರ ಕೆಲಸ ಅಷ್ಟು ಕಿರಿದೇ? ಅಮೆರಿಕದ ಹಳೆಯ ಪಶ್ಚಿಮ ಸೀಮೆಯ ಕಥೆಗಳನ್ನು ಹೇಳುವ ಮೆಲೋಡ್ರಾಮಗಳನ್ನು ಗಮನಿಸಿದರೆ ಈ ಪ್ರಶ್ನೆಗೆ ಬೇರೆಯೇ ಉತ್ತರ ದೊರೆಯುತ್ತದೆ.

ಹಾಡು ಎಂಬರ್ಥದ 'ಮೆಲೋಸ್' ಎಂಬ ಗ್ರೀಕ್ ಪದದಿಂದ ಹುಟ್ಟಿದ ಹೆಸರು ಮೆಲೋಡ್ರಾಮ. ಹತ್ತೊಂಬತ್ತನೆಯ ಶತಮಾನದ ಜನಸಾಮಾನ್ಯರ ಅಚ್ಚುಮೆಚ್ಚಿನ ನಾಟಕ ಪ್ರಕಾರವಿದು. ಇಲ್ಲಿ ಒಳ್ಳೆಯವರು ಪೂರ್ತಿ ಒಳ್ಳೆಯವರು, ಕೆಟ್ಟವರು ಪೂರ್ತಿ ಕೆಟ್ಟವರು. ಮೀಸೆ ತಿರುವುವ ಖಳನಾಯಕ ಅಡಮಾನ ಪತ್ರ ಹಿಡಿದು ಬಂದಾಗ ಪ್ರೇಕ್ಷಕರು ಬುಸುಗುಟ್ಟುತ್ತಾರೆ. ನಾಯಕ ಬಂದಾಗ ಚಪ್ಪಾಳೆ ತಟ್ಟುತ್ತಾರೆ. ಅಮೆರಿಕದ ಶಾಲೆಗಳೂ ಹವ್ಯಾಸಿ ತಂಡಗಳೂ ಇಂದಿಗೂ ಇವನ್ನು ವಿನೋದಕ್ಕಾಗಿ ಆಡುತ್ತವೆ.

ಇಂಥ ನಾಟಕಗಳಲ್ಲಿ ಒಂದು ಸಣ್ಣ ವಸ್ತುವೇ ಕಥೆಯನ್ನು ತಿರುಗಿಸುವುದುಂಟು. ಡೇವಿಡ್ ಬೆಲಾಸ್ಕೊ 1905ರಲ್ಲಿ ರಂಗಕ್ಕೆ ತಂದ 'ದ ಗರ್ಲ್ ಆಫ್ ದ ಗೋಲ್ಡನ್ ವೆಸ್ಟ್' ನಾಟಕವನ್ನೇ ನೋಡಿ. ಗಾಯಗೊಂಡ ದರೋಡೆಕೋರ ಅಟ್ಟದ ಮೇಲೆ ಅಡಗಿರುವುದು ಶೆರಿಫನಿಗೆ ತಿಳಿಯುವುದು ಮೇಲಿನಿಂದ ತೊಟ್ಟಿಕ್ಕಿದ ರಕ್ತದ ಹನಿಯಿಂದ. ಅವನ ಪ್ರಾಣ ಉಳಿಯುವುದು ನಾಯಕಿ ಬಚ್ಚಿಟ್ಟುಕೊಂಡ ಇಸ್ಪೀಟು ಎಲೆಗಳಿಂದ. ಆ ಬಣ್ಣದ ನೀರೋ ಆ ಎಲೆಗಳೋ ಸಮಯಕ್ಕೆ ಕೈಗೆ ಸಿಗದಿದ್ದರೆ ಎಂಥ ನಟನೂ ಅಸಹಾಯಕನೇ. ಪುಚ್ಚೀನಿ 1910ರಲ್ಲಿ ಇದೇ ಕಥೆಯನ್ನು ಒಪೆರಾ ಮಾಡಿದಾಗ ನಾಯಕಿಯ ಕೈಗೆ ಪವಿತ್ರ ಗ್ರಂಥವೂ ಬಂದಿತು. ಗಣಿಕಾರ್ಮಿಕರಿಗೆ ಆಕೆ ಬೋಧಿಸುವುದು ಐವತ್ತೊಂದನೆಯ ಕೀರ್ತನೆಯನ್ನು.

ಉಡುಪುಗಳನ್ನು ಹೊಂದಿಸಲು ಹಣಕ್ಕಿಂತ ತಿಳಿವಳಿಕೆ ಹೆಚ್ಚು ಬೇಕು. ಹಳೆಬಟ್ಟೆಯ ಅಂಗಡಿಯ ವೇಸ್ಟ್‌ಕೋಟು, ಕಾಲರು ಬಿಚ್ಚಿದ ಸಾಧಾರಣ ಅಂಗಿ, ಹೆಗಲ ಮೇಲಿನ ಪಟ್ಟಿ — ಇಷ್ಟರಲ್ಲೇ ಒಬ್ಬ ಗಂಡಸು ಸಿದ್ಧ. ಅಂದಿನ ಅಂಗಿಗಳಿಗೆ ಕಾಲರನ್ನು ಬೇರೆಯಾಗಿ ಜೋಡಿಸುವ ಪದ್ಧತಿಯಿತ್ತು. ಹಳೆಯ ಪರದೆಯ ಬಟ್ಟೆಯಿಂದ ನಾಯಕಿಯ ನೆರಿಗೆ ಲಂಗವನ್ನು ಹೊಲಿಯಬಹುದು. ಲೆವೈ ಸ್ಟ್ರಾಸ್ ಮತ್ತು ಜೇಕಬ್ ಡೇವಿಸ್ ಎಂಬವರು ತಾಮ್ರದ ರಿವೆಟ್ಟು ಬಡಿದ ಷರಾಯಿಗೆ ಹಕ್ಕುಪತ್ರ ಪಡೆದದ್ದು 1873ರಲ್ಲಿ. ಆ ಕಂಪನಿಯ ಷರಾಯಿಗೆ ಬೆಲ್ಟಿನ ಕುಣಿಕೆ ಬಂದದ್ದು 1922ರಲ್ಲಿ. ಆದ್ದರಿಂದ 1870ರ ದಶಕದ ಕಥೆಯಲ್ಲಿ ಬೆಲ್ಟಿನ ಜೀನ್ಸ್ ಹೊಂದದು, ಜಿಪ್ಪಂತೂ ಸಲ್ಲದು. ಹೊಸ ಬಟ್ಟೆಯನ್ನು ಚಹದ ನೀರಿನಲ್ಲಿ ಅದ್ದಿ, ಮೊಣಕಾಲಿನ ಬಳಿ ಮರಳು ಕಾಗದದಿಂದ ಉಜ್ಜಿದರೆ ಹತ್ತು ವರ್ಷ ದುಡಿದ ಕಳೆ ಬರುತ್ತದೆ.

ಬಟ್ಟೆಯ ಹಿಂದೆ ಜನರಿದ್ದಾರೆಂಬುದನ್ನೂ ಮರೆಯಲಾಗದು. ಕೌಬಾಯ್ ಎಂದೊಡನೆ ಬಿಳಿಯ ಸವಾರನೊಬ್ಬನೇ ಕಣ್ಣ ಮುಂದೆ ನಿಲ್ಲುವುದುಂಟು. ಆದರೆ ಅವನ ಹಗ್ಗದ ಕುಣಿಕೆ, ಕಾಲಿನ ಚರ್ಮದ ಕವಚ ಇವೆಲ್ಲ ಮೆಕ್ಸಿಕೋದ 'ವಾಕೇರೊ' ದನಗಾಹಿಗಳಿಂದ ಬಂದವು. 'ಲಾಸೊ', 'ರೋಡಿಯೊ' ಎಂಬ ಮಾತುಗಳೂ ಸ್ಪ್ಯಾನಿಷ್ ಮೂಲದವೇ. ಕ್ಯಾಲಿಫೋರ್ನಿಯಾದ ಫ್ರಾನ್ಸಿಸ್ಕನ್ ಮಿಶನ್‌ಗಳ ದನದ ಹಿಂಡುಗಳನ್ನು ಕಾದವರು ಅಲ್ಲಿನ ಮೂಲನಿವಾಸಿಗಳು. ಆ ಮೂಲನಿವಾಸಿಗಳ ಪಾತ್ರ ಬಂದಾಗ ಅಂಗಡಿಯ ಬಣ್ಣದ ಗರಿಗಳ ಕಿರೀಟವನ್ನು ತಂದು ತಲೆಗಿಡುವ ರೂಢಿ ಬಹುಕಾಲ ನಡೆಯಿತು. ಬಯಲುಸೀಮೆಯ ಬುಡಕಟ್ಟುಗಳಲ್ಲಿ ಅಂಥ ಗರಿಗಿರೀಟವು ಶೌರ್ಯದಿಂದಲೂ ಸೇವೆಯಿಂದಲೂ ಗಳಿಸಬೇಕಾದ ಗೌರವ. ಒಂದು ಜನಾಂಗ ಪೂಜ್ಯವೆಂದು ಕಾಣುವ ವಸ್ತುವನ್ನು ನಗೆಯ ಸಾಮಾನಾಗಿಸುವುದು ಧರ್ಮವಲ್ಲ. ನಮ್ಮ ಪೂಜಾಪಾತ್ರೆಯನ್ನು ಯಾರಾದರೂ ಪ್ರಹಸನದಲ್ಲಿ ಬಳಸಿದರೆ ನಮಗೆ ಹೇಗಾದೀತು?

ರಂಗದ ಮೇಲೆ ಸುಳ್ಳು ತಪ್ಪಲ್ಲ. ಅದು ಅಲ್ಲಿನ ನಿಯಮ. ತೆಂಗಿನ ಚಿಪ್ಪುಗಳನ್ನು ತಟ್ಟಿದರೆ ಕುದುರೆಯ ಗೊರಸಿನ ಸದ್ದು. ಮರಳು ಕಾಗದ ಸುತ್ತಿದ ಎರಡು ಮರದ ತುಂಡುಗಳನ್ನು ಉಜ್ಜಿದರೆ ಉಗಿಬಂಡಿಯ ಉಸಿರು. ತಗಡಿನ ಹಾಳೆ ಅಲ್ಲಾಡಿಸಿದರೆ ಗುಡುಗು. ಸೀಸೆಯಲ್ಲಿನ ವಿಸ್ಕಿ ತಣ್ಣಗಿನ ಚಹ. ರೈಲುಹಳಿಗೆ ಮನುಷ್ಯನನ್ನು ಕಟ್ಟಿಹಾಕುವ ಪ್ರಸಿದ್ಧ ದೃಶ್ಯ 1867ರ 'ಅಂಡರ್ ದ ಗ್ಯಾಸ್‌ಲೈಟ್' ಎಂಬ ನ್ಯೂಯಾರ್ಕ್ ನಾಟಕದಲ್ಲಿ ಮೆರೆಯಿತು. ಅಲ್ಲಿ ಕಟ್ಟುಗೊಂಡವನು ಪುರುಷ, ಕೊಡಲಿಯಿಂದ ಬಾಗಿಲೊಡೆದು ಬಂದು ಬಿಡಿಸಿದವಳು ನಾಯಕಿ! ಇಂದಿನ ಸಣ್ಣ ತಂಡಕ್ಕೆ ರಟ್ಟಿನ ಎಂಜಿನ್ನು, ಅದರ ಹಣೆಗೊಂದು ಬ್ಯಾಟರಿ ದೀಪ ಸಾಕು. ಪ್ರೇಕ್ಷಕ ಸಂತೋಷದಿಂದಲೇ ನಂಬುತ್ತಾನೆ.

ಹೀಗೆ ಎಲ್ಲವೂ ಸುಳ್ಳಾಗಿರುವಲ್ಲಿ ಒಂದು ವಸ್ತು ಮಾತ್ರ ನಿಜವಾಗಿಬಿಟ್ಟರೆ ಅನರ್ಥ ಸಂಭವಿಸುತ್ತದೆ. 1876ರ ಡಿಸೆಂಬರ್ 5ರಂದು ಬ್ರೂಕ್ಲಿನ್ ರಂಗಮಂದಿರದಲ್ಲಿ 'ದ ಟೂ ಆರ್ಫನ್ಸ್' ಎಂಬ ಮೆಲೋಡ್ರಾಮ ನಡೆಯುತ್ತಿದ್ದಾಗ ರಂಗಸಜ್ಜಿಕೆಗೆ ಬೆಂಕಿ ತಗಲಿ 270ಕ್ಕೂ ಹೆಚ್ಚು ಮಂದಿ ಸತ್ತರು. 1984ರಲ್ಲಿ ಜಾನ್ ಎರಿಕ್ ಹೆಕ್ಸಮ್ ಎಂಬ ತರುಣ ನಟ ಚಿತ್ರೀಕರಣದ ಬಿಡುವಿನಲ್ಲಿ, ಸೀಸದ ಗುಂಡಿಲ್ಲದೆ ಮದ್ದಷ್ಟೇ ಇದ್ದ ತೋಟಾ ತುಂಬಿದ ಪಿಸ್ತೂಲನ್ನು ವಿನೋದಕ್ಕೆಂದು ತಲೆಗಿಟ್ಟು ಹಾರಿಸಿಕೊಂಡು ಪ್ರಾಣ ಕಳೆದುಕೊಂಡನು. 2021ರ ಅಕ್ಟೋಬರ್‌ನಲ್ಲಿ ನ್ಯೂ ಮೆಕ್ಸಿಕೋದಲ್ಲಿ 'ರಸ್ಟ್' ಎಂಬ ಪಶ್ಚಿಮ ಸೀಮೆಯ ಕಥೆಯದೇ ಚಲನಚಿತ್ರದ ತಾಲೀಮಿನ ಹೊತ್ತಿಗೆ ಪಿಸ್ತೂಲಿನಿಂದ ನಿಜವಾದ ಗುಂಡು ಹಾರಿ, ಛಾಯಾಗ್ರಾಹಕಿ ಹಲೀನಾ ಹಚಿನ್ಸ್ ಸತ್ತರು. ಶಸ್ತ್ರಗಳ ಹೊಣೆ ಹೊತ್ತಿದ್ದಾಕೆಗೆ 2024ರಲ್ಲಿ 18 ತಿಂಗಳ ಸೆರೆವಾಸ ವಿಧಿಸಲಾಯಿತು.

ಈ ಪ್ರಸಂಗಗಳಲ್ಲಿ ಯಾರೂ ಕೊಲ್ಲಲು ಬಯಸಿರಲಿಲ್ಲ. ಆದರೆ ಸದುದ್ದೇಶವೊಂದೇ ಮನುಷ್ಯನನ್ನು ಹೊಣೆಯಿಂದ ಬಿಡಿಸದು. ತಿಳಿಯಬೇಕಾದ್ದನ್ನು ತಿಳಿಯದಿರುವುದೂ, ನೋಡಬೇಕಾದ್ದನ್ನು ನೋಡದಿರುವುದೂ ದೋಷವೇ ಎಂದು ನೀತಿಶಾಸ್ತ್ರ ಹೇಳುತ್ತದೆ. ಆದುದರಿಂದಲೇ ಬಲ್ಲವರು ಕೆಲವು ಕಟ್ಟಳೆಗಳನ್ನು ವಿಧಿಸಿಕೊಳ್ಳುತ್ತಾರೆ. ಹವ್ಯಾಸಿ ರಂಗಕ್ಕೆ ನಿಜವಾದ ಬಂದೂಕು ಬರಲೇಕೂಡದು. ಮರದ್ದೋ ರಬ್ಬರಿನದೋ ಸಾಕು, ಸದ್ದು ತೆರೆಯ ಮರೆಯಿಂದ ಬರಲಿ. ಆ ಸುಳ್ಳು ಬಂದೂಕನ್ನೂ ಒಬ್ಬನೇ ಜವಾಬ್ದಾರನು ಪೆಟ್ಟಿಗೆಯಲ್ಲಿ ಬೀಗ ಹಾಕಿಟ್ಟು, ಎಣಿಸಿ ಕೊಟ್ಟು, ಎಣಿಸಿ ಮರಳಿ ಪಡೆಯಬೇಕು. ಅದನ್ನು ಯಾರ ಕಡೆಗೂ ನೇರವಾಗಿ ಗುರಿಯಿಡಬಾರದು. ಸೀಮೆಎಣ್ಣೆಯ ಕಂದೀಲಿನೊಳಗೆ ಬತ್ತಿಯ ಬದಲು ಬ್ಯಾಟರಿಯ ಕಿರುದೀಪವಿರಬೇಕು.

ನಮ್ಮ ಮಕ್ಕಳು ಕ್ರಿಸ್‌ಮಸ್ ಸಂಜೆಗೋ ಶಾಲೆಯ ವಾರ್ಷಿಕೋತ್ಸವಕ್ಕೋ ಬಣ್ಣ ಹಚ್ಚುವಾಗ ನಾವು ಕುಳಿತು ಚಪ್ಪಾಳೆ ತಟ್ಟುತ್ತೇವೆ. ಕುರುಬರ ಕೈಯ ಪಂಜು, ಹೆರೋದನ ಸೈನಿಕನ ಕತ್ತಿ, ದೇವದೂತನ ಹತ್ತಿಯ ರೆಕ್ಕೆ ಇವೂ ಯಾರದೋ ಹೊಣೆಯೇ. ಈ ಸಾಮಾನುಗಳನ್ನು ತಂದವರು ಯಾರು, ಪರೀಕ್ಷಿಸಿದವರು ಯಾರು ಎಂದು ತಂದೆತಾಯಂದಿರು ಒಮ್ಮೆ ವಿಚಾರಿಸಲಿ. ವಂದನಾರ್ಪಣೆಯ ವೇಳೆ ಅವರ ಹೆಸರನ್ನೂ ಹೇಳಲಿ. ಅರಿಸ್ಟಾಟಲನು ಕಾವ್ಯದ ದೃಷ್ಟಿಯಿಂದ ವೇಷಗಾರನಿಗೆ ಕೆಳಗಿನ ಸ್ಥಾನ ಕೊಟ್ಟಿರಬಹುದು. ಪ್ರಾಣದ ದೃಷ್ಟಿಯಿಂದ ನೋಡಿದರೆ ಅವನ ಸ್ಥಾನ ಮೊದಲನೆಯದು.