ಬೆರಳಿಗೆ ಸಿಗುವ ಬೋನಾಳ

ಬೋನಾಳ ಕೆರೆ, ಸುರಪುರ ತಾಲ್ಲೂಕು. ಮಾಗಿಯ ಬೆಳಗು. ನೇರಳೆ ಜಂಬುಕೋಳಿಯೊಂದು ಜಂಬಿನ ದಂಟನ್ನು ಕಾಲಲ್ಲಿ ಹಿಡಿದು, ಕೊಕ್ಕಿನಿಂದ ಸಿಗಿದು, ಬಿಳಿ ತಿರುಳು ತಿನ್ನುತ್ತಿದೆ. ಅದು ಸರಿದ ಮೇಲೆ ಬಿಟ್ಟುಹೋದ ದಂಟನ್ನು ಎತ್ತಿಕೊಂಡೆ. ಹೊರಮೈ ನುಣುಪು, ಸೀಳಿದಲ್ಲಿ ಮೆತ್ತನೆ ಗಾಳಿಗೂಡು, ಬುಡಕ್ಕೆ ಲೋಳೆ, ಕೆಸರಿನ ವಾಸನೆ. ಕೊಕ್ಕು ತಾಗಿದ ಅಂಚು ಹರಕು. ಹಕ್ಕಿ ಇಲ್ಲಿ ಕೂತು ಉಂಡಿತೆಂಬ ಸುದ್ದಿ ಕಣ್ಣು ಮುಚ್ಚಿದರೂ ಬೆರಳಿಗೆ ಸಿಗುತ್ತದೆ.

ಕಿವುಡು, ಕುರುಡು ಎರಡೂ ಕೂಡಿಬಂದ ಮಗುವಿಗೆ ಪಾಠ ಹೀಗೇ ಶುರುವಾಗಬೇಕು. ಬಹಳಷ್ಟು ಮಕ್ಕಳಿಗೆ ಒಂದಿಷ್ಟು ಬೆಳಕೋ ಸಪ್ಪಳವೋ ಉಳಿದಿರುತ್ತದೆ, ಅದನ್ನೂ ಬಳಸಬೇಕು. ಬಲ್ಲ ಶಿಕ್ಷಕರು ಮಗುವಿನ ಕೈ ಹಿಡಿದು ಎಳೆಯುವುದಿಲ್ಲ. ತಮ್ಮ ಕೈಯನ್ನು ಅದರ ಕೈಯಡಿ ಇಟ್ಟು ವಸ್ತುವಿನತ್ತ ಒಯ್ಯುತ್ತಾರೆ. ಬೇಡವೆನಿಸಿದರೆ ಮಗು ಕೈ ತೆಗೆಯಬಹುದು. ದಿನವೂ ಊಟಕ್ಕೆ ಮುಂಚೆ ಅದೇ ತಾಟು ಮುಟ್ಟಿಸಿದರೆ, ಒಂದು ದಿನ ತಾಟು ಮುಟ್ಟಿದೊಡನೆ ಮಗು ಊಟಕ್ಕೆ ಕೂರುತ್ತದೆ. ಅಂಗೈ ಸಂಜ್ಞೆ, ಬ್ರೈಲ್ ಆಮೇಲೆ. ಮುಂಬೈಯಲ್ಲಿ 1977ರಲ್ಲೇ ಇಂಥ ಮಕ್ಕಳಿಗಾಗಿ ಹೆಲೆನ್ ಕೆಲ್ಲರ್ ಹೆಸರಿನ ಸಂಸ್ಥೆ ಶುರುವಾಯಿತು. ಅಂದರೆ ನಮ್ಮ ದೇಶಕ್ಕೆ ಈ ವಿದ್ಯೆ ಹೊಸದಲ್ಲ.

ಶಹಾಪುರದ ಬುದ್ಧ ಮಲಗಿದ ಗುಡ್ಡ, ಸಂಜೆ. ಹೊತ್ತು ಮುಳುಗಿದರೂ ಬಂಡೆಯ ಪಡುವಣ ಮೈ ಇನ್ನೂ ಬಿಸಿ, ಮೂಡಣ ಮೈ ತಣ್ಣಗೆ. ಅಂಗೈಯಿಂದಲೇ ದಿಕ್ಕು ಹೇಳಬಹುದು. ಹುಟ್ಟಾ ಕಿವುಡ ಮಗು ಬೆಳೆಯುತ್ತಾ ಇಂಥ ಮಬ್ಬಿನಲ್ಲಿ ಎಡವತೊಡಗಿದರೆ ಹೆತ್ತವರು ಕಣ್ಣಿನ ಡಾಕ್ಟರರ ಬಳಿ ಒಯ್ಯಲಿ. ಅದು ಅಷರ್ ಸಿಂಡ್ರೋಮಿನ ಇರುಳುಗಣ್ಣು ಇದ್ದೀತು. ನೋಟ ಅಂಚಿನಿಂದ ಒಳಕ್ಕೆ ಕುಗ್ಗುತ್ತಾ ಬರುತ್ತದೆ. ಇದು ವಂಶವಾಹಿ ದೋಷ. ಸೋದರಿಕೆಯ ಮದುವೆ ಬಿಡದ ನಮ್ಮ ಕಡೆ ಮರೆಯುವಂತಿಲ್ಲ. ಕಿವುಡು, ಕುರುಡು ಕೂಡಿಬರಲು ಇನ್ನೊಂದು ಕಾರಣ, ಬಸುರಿನ ಮೊದಲ ತಿಂಗಳುಗಳಲ್ಲಿ ತಗಲುವ ರುಬೆಲ್ಲಾ. ಕರ್ನಾಟಕದಲ್ಲಿ 2017ರ ಫೆಬ್ರುವರಿಯಲ್ಲಿ ಇದರ ಲಸಿಕೆ ಅಭಿಯಾನ ನಡೆಯಿತು.

ಯಾದಗಿರಿಯ ಎರೆಹೊಲ. ಬಲಿತ ತೊಗರಿಕಾಯಿಯ ಉಬ್ಬು ಎಣಿಸಿದರೆ ಒಳಗೆಷ್ಟು ಕಾಳೆಂದು ತಿಳಿಯುತ್ತದೆ. ಕಾಯಿ ಬಿಡಿಸುವುದು, ಕಾಳು ಆರಿಸುವುದು ಕೈ ಬಲ್ಲವರ ಕೆಲಸ. ಬೆಳೆದ ಕಿವುಡ-ಅಂಧರಿಗೂ ದಕ್ಕುತ್ತದೆ, ಪಕ್ಕದಲ್ಲಿ ಅವರ ಸಂಜ್ಞೆ ಬಲ್ಲವರೊಬ್ಬರಿದ್ದರೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಈ ಅಂಗವೈಕಲ್ಯವನ್ನೂ ಹೆಸರಿಸಿದೆ, ಆದರೆ ಉಚಿತ ಶಿಕ್ಷಣದ ಹಕ್ಕು 18ಕ್ಕೆ ಮುಗಿಯುತ್ತದೆ. ಆಮೇಲೆ ಲೋಕದ ಸುದ್ದಿಯೆಲ್ಲ ತಾಯಿಯ ಅಂಗೈಯಿಂದಲೇ. ತಾಯಿಗೂ ವಯಸ್ಸಾಗುತ್ತದೆ. ಅವ್ವನ ಸಂಜ್ಞೆಗಳನ್ನು ಓಣಿಯ ಇನ್ನಿಬ್ಬರಾದರೂ ಈಗಲೇ ಕಲಿಯಬೇಕು, ಆ ಕೆಲಸಕ್ಕೆ ಸರ್ಕಾರ ಸಂಬಳ ಕೊಡಬೇಕು.