ಅಂಗೈ ಮೇಲಿನ ಉಗಿಬಂಡಿ

ಹನೂರಿನ ಮಕ್ಕಳು ರೈಲು ನೋಡಬೇಕೆಂದರೆ ಕೊಳ್ಳೇಗಾಲ, ಯಳಂದೂರು, ಸಂತೇಮರಹಳ್ಳಿ ದಾಟಿ ಚಾಮರಾಜನಗರಕ್ಕೆ ಹೋಗಬೇಕು. ಮೈಸೂರಿನಿಂದ ನಂಜನಗೂಡಿನ ಮೇಲೆ ಬರುವ ಹಳಿ ಅಲ್ಲಿಗೇ ಮುಗಿಯುತ್ತದೆ. ಅದನ್ನು ಯಳಂದೂರು, ಕೊಳ್ಳೇಗಾಲ, ಮಳವಳ್ಳಿ, ಕನಕಪುರದ ಮೇಲೆ ಹೆಜ್ಜಾಲಕ್ಕೆ ಕೂಡಿಸುವ 142 ಕಿ.ಮೀ. ಮಾರ್ಗ 1996–97ರಲ್ಲೇ ಮಂಜೂರಾಗಿದೆ. ಹಳಿ ಮಾತ್ರ ಬಂದಿಲ್ಲ. ರೈಲು ಕಾಣದ ಈ ಸೀಮೆಯ ಹುಡುಗ ಹುಡುಗಿಯರಿಗೆ ಎಂಜಿನ್ನಿನ ಒಳಗುಟ್ಟು ತಿಳಿಸಲು ಮಾದರಿ ಕಿಟ್ಟಿಗಿಂತ ಒಳ್ಳೆಯ ಮೇಷ್ಟ್ರು ನನಗೆ ಕಂಡಿಲ್ಲ.

ಚಾಮರಾಜನಗರದ ಹಳಿ ಬ್ರಾಡ್ ಗೇಜ್ ಆಗುವ ಮೊದಲು ಮೀಟರ್ ಗೇಜಿನದು. ಮೀಟರ್ ಗೇಜಿನ ಪ್ರಯಾಣಿಕರ ಗಾಡಿಗಳಿಗೆಂದು ರೂಪಿಸಿದ ವೈಪಿ ಎಂಜಿನ್ನನ್ನೇ ತೆಗೆದುಕೊಳ್ಳೋಣ. 1:87ರ ಅಳತೆಯಲ್ಲಿ ಒಂದು ಮೀಟರ್ ಅಗಲದ ಹಳಿ 11.5 ಮಿ.ಮೀ. ಆಗುತ್ತದೆ, ಮಾದರಿಕಾರರು 12 ಮಿ.ಮೀ. ಹಳಿ ಬಳಸುತ್ತಾರೆ. ಹೆಚ್ಚುಕಡಿಮೆ ಹೆಗಲೆತ್ತರದ ಅದರ ದೊಡ್ಡ ಚಕ್ರ ಇಲ್ಲಿ ಸುಮಾರು 16 ಮಿ.ಮೀ.ಗೆ ಇಳಿಯುತ್ತದೆ.

ಕಿಟ್ಟಿನಲ್ಲಿ ಕೊರೆದ ಹಿತ್ತಾಳೆ ತಗಡು, ಸೀಸದಂಥ ಬಿಳಿಲೋಹದ ಎರಕದ ಭಾಗಗಳು ಇರುತ್ತವೆ. ಅಕ್ಕಸಾಲಿಗರು ಬಿಳಿಗಾರ ಹಾಕಿ ಮಾಡುವ ಬೆಸುಗೆಯ ಕಾವು ಇಲ್ಲಿ ಬೇಡ. ಹಿತ್ತಾಳೆಗೆ 145 ಡಿಗ್ರಿಯಲ್ಲಿ ಕರಗುವ ಬೆಸುಗೆ ಸಾಕು; ಬಿಳಿಲೋಹಕ್ಕೆ 70 ಡಿಗ್ರಿಯದು. ಕಾವು ಹೆಚ್ಚಾದರೆ ಎರಕವೇ ಕರಗಿಹೋಗುತ್ತದೆ.

ಎಲ್ಲರೂ ಮೊದಲು ಬಾಯ್ಲರ್ ಕಟ್ಟಲು ಹೊರಡುತ್ತಾರೆ. ಬೇಡ. ಬಂಡಿಯ ಜೀವ ಇರುವುದು ಚೌಕಟ್ಟಿನಲ್ಲಿ. ಅದನ್ನು ಗಾಜಿನ ಹಲಗೆಯ ಮೇಲಿಟ್ಟು ನೋಡಿ: ಚಕ್ರಗಳೆಲ್ಲ ಗಾಜು ಮುಟ್ಟಬೇಕು, ಬಂಡಿ ತೊನೆಯಬಾರದು.

ಇನ್ನು ಒಂದೊಂದು ಬದಿಯ ದೊಡ್ಡ ಚಕ್ರಗಳನ್ನು ಒಟ್ಟಿಗೆ ತಿರುಗಿಸುವ ಕೂಡುದಂಡಗಳು. ಸೈಕಲ್ಲಿನ ಪೆಡಲುಗಳು ಒಂದಕ್ಕೊಂದು ಎದುರಾಗಿವೆ; ಒಂದು ನೆಟ್ಟಗೆ ಮೇಲೆ, ಇನ್ನೊಂದು ನೆಟ್ಟಗೆ ಕೆಳಗೆ ನಿಂತಾಗ ಎಷ್ಟು ತುಳಿದರೂ ಗಾಡಿ ಕದಲದು. ಉಗಿ ಎಂಜಿನ್ನಿಗೆ ಹಾಗಾಗಬಾರದೆಂದು ಎಡಬಲದ ಚಕ್ರಗಳಲ್ಲಿ ದಂಡ ಸಿಕ್ಕಿಸುವ ಗೂಟಗಳನ್ನು 90 ಡಿಗ್ರಿ ಅಂತರಕ್ಕೆ ಕೂರಿಸುತ್ತಾರೆ. ಒಂದು ಬದಿ ಸತ್ತ ಬಿಂದುವಿನಲ್ಲಿದ್ದಾಗ ಇನ್ನೊಂದು ಬದಿ ಪೂರ್ತಿ ಬಲದಲ್ಲಿರುತ್ತದೆ. ಮಾದರಿಯಲ್ಲಿ ಮೋಟಾರು ದೊಡ್ಡ ಚಕ್ರಗಳ ಮೂರು ಅಚ್ಚುಗಳಲ್ಲಿ ಒಂದನ್ನೇ ತಿರುಗಿಸುತ್ತದೆ, ಉಳಿದೆರಡನ್ನು ದಂಡಗಳು ಎಳೆಯುತ್ತವೆ. ಇಲ್ಲೊಂದು ಸೂಕ್ಷ್ಮವಿದೆ: ಕೋನ 90ರ ಬದಲು 88 ಆದರೂ ನಡೆಯುತ್ತದೆ, ಆದರೆ ಮೂರೂ ಅಚ್ಚುಗಳಲ್ಲಿ ಅದೇ 88 ಇರಬೇಕು. ಒಂದು ಅಚ್ಚು ಬೇರೆಯಾದರೂ ದಂಡ ಪ್ರತಿ ಸುತ್ತಿನಲ್ಲಿ ಅದೇ ಜಾಗದಲ್ಲಿ ಬಿಗಿಯುತ್ತದೆ.

ಅದಕ್ಕೇ ಮೋಟಾರು ಹಾಕುವ ಮುನ್ನ ಚೌಕಟ್ಟನ್ನು ಓರೆ ಹಲಗೆಯ ಮೇಲೆ ಬಿಡಿ. ತಾನಾಗಿ ಉರುಳಬೇಕು. ಬಿಗಿದರೆ ಮೊದಲು ಒಂದು ಜೊತೆ ಅಚ್ಚಿಗಷ್ಟೇ ದಂಡ ಹಾಕಿ ನೋಡಿ, ಆಮೇಲೆ ಇನ್ನೊಂದಕ್ಕೆ. ತಪ್ಪು ಎಲ್ಲಿದೆಯೆಂದು ಗೊತ್ತಾಗುತ್ತದೆ. ದಂಡದ ತೂತನ್ನು ಹಿಗ್ಗಿಸುವ ಆತುರ ಬೇಡ, ಚಕ್ರದ ಕೋನವನ್ನೇ ತಿದ್ದಿ.

ಮಲ್ಟಿಮೀಟರಿನಲ್ಲಿ ಎಡ ಚಕ್ರಕ್ಕೂ ಬಲ ಚಕ್ರಕ್ಕೂ ನಡುವೆ ವಿದ್ಯುತ್ ಹರಿಯುತ್ತಿಲ್ಲವೆಂದು ಖಚಿತಪಡಿಸಿಕೊಂಡು ಮೋಟಾರು ಕೂರಿಸಿ. ಹಳಿಗೆ 12 ವೋಲ್ಟ್‌ವರೆಗೆ ಕೊಡಬಹುದಾದರೂ ಎರಡು ಮೂರು ವೋಲ್ಟಿನಲ್ಲಿ ಶುರುಮಾಡಿ, ಮುಂದಕ್ಕೆ ಅರ್ಧ ಗಂಟೆ, ಹಿಂದಕ್ಕೆ ಅರ್ಧ ಗಂಟೆ ಓಡಿಸಿ. ಬಾಯ್ಲರ್, ಬಣ್ಣ ಎಲ್ಲ ಆಮೇಲೆ.

ಕೊನೆಗೆ ವೇಗ. ಗಂಟೆಗೆ 60 ಕಿ.ಮೀ. ಎಂದರೆ ಈ ಅಳತೆಯಲ್ಲಿ ಸೆಕೆಂಡಿಗೆ 19 ಸೆಂ.ಮೀ. ಮಾತ್ರ: ಒಂದು ಮೀಟರ್ ಹಳಿ ದಾಟಲು ಐದು ಸೆಕೆಂಡು. ಮಂಜೂರಾದ ಆ 142 ಕಿ.ಮೀ. ಕೂಡ 1:87ಕ್ಕೆ ಇಳಿದರೆ ಸುಮಾರು 1.6 ಕಿ.ಮೀ. ಆಗುತ್ತದೆ, ನಮ್ಮ ಪುಟ್ಟ ವೈಪಿ ಅದನ್ನು ಎರಡೂವರೆ ಗಂಟೆಯೊಳಗೆ ಕ್ರಮಿಸುತ್ತದೆ.